ಪಕ್ಕದ ಕೋಣೆಗೆ ಪರದೇಶದ ದಾರಿಯೇಕೆ?

ಒಂದೇ ಮನೆಯ ಎರಡು ಕೋಣೆಗಳಲ್ಲಿ ಎರಡು ಕಂಪ್ಯೂಟರುಗಳಿವೆ ಎಂದು ಇಟ್ಟುಕೊಳ್ಳೋಣ. ಅಕ್ಕನ ಯಂತ್ರದಲ್ಲಿರುವ ಒಂದು ಪಾಠದ ವಿಡಿಯೋ ತಮ್ಮನಿಗೆ ಬೇಕಾಗಿದೆ. ಆಕೆ ಏನು ಮಾಡುತ್ತಾಳೆ? ಆ ಫೈಲನ್ನು ಯಾವುದೋ ದೊಡ್ಡ ಕಂಪನಿಯ ಉಗ್ರಾಣಕ್ಕೆ ಏರಿಸಿ, ಅದನ್ನು ಇಳಿಸಿಕೊಳ್ಳುವ ಕೊಂಡಿಯನ್ನು ತಮ್ಮನಿಗೆ ಕಳುಹಿಸುತ್ತಾಳೆ. ಫೈಲು ಮನೆಯಿಂದ ಹೊರಟು, ಬೀದಿಯ ಕಂಬದ ತಂತಿಯನ್ನು ಹಿಡಿದು, ಊರನ್ನು ದಾಟಿ, ಬೇರೊಂದು ನಗರದಲ್ಲಿಯೋ ಬೇರೊಂದು ದೇಶದಲ್ಲಿಯೋ ಇರುವ ಉಗ್ರಾಣವನ್ನು ಸೇರುತ್ತದೆ. ಬಳಿಕ ಅಲ್ಲಿಂದ ಹಿಂದಿರುಗಿ, ಒಂದು ಗೋಡೆಯ ಆಚೆಗೆ ಕುಳಿತಿರುವ ತಮ್ಮನನ್ನು ಮುಟ್ಟುತ್ತದೆ. ಕೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ತಿರುಗಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಈ ಪದ್ಧತಿಯು ಇಂದು ಎಷ್ಟು ರೂಢಿಯಾಗಿದೆಯೆಂದರೆ, ಬೇರೊಂದು ದಾರಿಯುಂಟೆಂಬ ಸಂಗತಿಯೇ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ನಾವು ಹೇಳಬಯಸುವ ಮಾತು ಸರಳವಾದುದು. ಮನೆಯ ಕಂಪ್ಯೂಟರನ್ನು ಜಾಲಕ್ಕೆ ಸೇರಿಸುವುದೆಂದರೆ ಇಂಟರ್ನೆಟ್ಟಿಗೆ ತಿಂಗಳ ಹಣ ಕಟ್ಟುವುದಷ್ಟೇ ಅಲ್ಲ. ಒಂದು ಯಂತ್ರವನ್ನು ಮತ್ತೊಂದರ ನೆರೆಮನೆಯಾಗಿ ಮಾಡುವುದೂ ಜಾಲವೇ. ಈ ನೆರೆಹೊರೆಯ ಜಾಲವನ್ನು ಕಟ್ಟಲು, ಅದರಲ್ಲಿ ಫೈಲುಗಳನ್ನು ನೇರವಾಗಿ ಹಂಚಿಕೊಳ್ಳಲು, ಹಾಗೂ ಅದರ ಬಾಗಿಲಿಗೆ ಬೀಗ ಹಾಕಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ.

ಜಾಲವು ಹುಟ್ಟಿದ್ದೇ ಯಂತ್ರಗಳು ಪರಸ್ಪರ ಸಮಾನರಾಗಿ ಮಾತನಾಡಲೆಂದು. 1969ನೆಯ ಇಸವಿ ಅಕ್ಟೋಬರ್ 29ರ ರಾತ್ರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿದ್ದ ಒಂದು ಕಂಪ್ಯೂಟರು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶವನ್ನು ಕಳುಹಿಸಿತು. ಕಳುಹಿಸಬೇಕಾಗಿದ್ದುದು 'ಲಾಗಿನ್' ಎಂಬ ಐದು ಅಕ್ಷರಗಳ ಇಂಗ್ಲಿಷ್ ಪದ. ಮೊದಲ ಎರಡು ಅಕ್ಷರಗಳು ತಲಪುವಷ್ಟರಲ್ಲಿ ಆಚೆಯ ಯಂತ್ರವು ಕೆಟ್ಟು ನಿಂತಿತು. ಆದರೂ ಆರ್ಪಾನೆಟ್ ಎಂಬ ಆ ಜಾಲವೇ ಇಂದಿನ ಇಂಟರ್ನೆಟ್ಟಿನ ಮೂಲವಾಯಿತು.

ಎರಡು ಯಂತ್ರಗಳ ನಡುವೆ ತಂತಿ ಎಳೆದ ಮಾತ್ರಕ್ಕೆ ಫೈಲು ಸಾಗುವುದಿಲ್ಲ. ಯಾರು ಮೊದಲು ಮಾತನಾಡಬೇಕು, ಫೈಲಿನ ಹೆಸರನ್ನು ಹೇಗೆ ಹೇಳಬೇಕು, ಅದು ಮುಗಿಯಿತೆಂದು ಹೇಗೆ ತಿಳಿಸಬೇಕು ಎಂಬ ಒಪ್ಪಂದ ಬೇಕು. ಇಂತಹ ಒಪ್ಪಂದಕ್ಕೆ ಪ್ರೋಟೊಕಾಲ್ ಎಂದು ಹೆಸರು. ಫೈಲುಗಳ ವರ್ಗಾವಣೆಗೆ ಈ ಬಗೆಯ ಒಪ್ಪಂದದ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಒಬ್ಬ ಭಾರತೀಯರೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ಅವರ ಹೆಸರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಪದವಿ ಪಡೆದು, ಅಮೆರಿಕದ ಎಂಐಟಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ತರುಣರು. ಅಂದಿನ ಕಂಪ್ಯೂಟರುಗಳು ಒಂದರಂತೆ ಇನ್ನೊಂದಿರಲಿಲ್ಲ; ಪ್ರತಿಯೊಂದೂ ಫೈಲನ್ನು ತನ್ನದೇ ಆದ ರೀತಿಯಲ್ಲಿ ಕೂಡಿಡುತ್ತಿತ್ತು. ಆ ಭೇದವನ್ನು ಬಳಸುವವನು ಅರಿಯದೆಯೇ, ದೂರದ ಯಂತ್ರದ ಫೈಲು ತನ್ನ ಬಳಿಗೆ ಬರುವಂತಾಗಬೇಕೆಂಬುದೇ ಆ ಎಫ್‌ಟಿಪಿ ಒಪ್ಪಂದದ ಗುರಿ.

ಮನೆಯ ಕಂಪ್ಯೂಟರುಗಳಿಗೂ ಇಂತಹ ಭಾಗ್ಯ ಬೇಗನೆ ಬಂದಿತು. ಷಿಕಾಗೊ ನಗರದ ವಾರ್ಡ್ ಕ್ರಿಸ್ಟೆನ್ಸನ್ ಎಂಬವರು 1977ರಲ್ಲಿ, ದೂರವಾಣಿಯ ತಂತಿಯ ಮೂಲಕ ಫೈಲು ಕಳುಹಿಸುವ ಒಂದು ಸಣ್ಣ ತಂತ್ರಾಂಶವನ್ನು ಬರೆದರು. ಫೈಲನ್ನು 128 ಬೈಟುಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಬಾಲದಲ್ಲಿ ಅದರ ಅಂಕಿಗಳ ಮೊತ್ತದಿಂದ ಪಡೆದ ಒಂದು ಸಂಖ್ಯೆಯನ್ನು ಕಟ್ಟಿ ಕಳುಹಿಸುವುದು. ಪಡೆದ ಯಂತ್ರವು ತಾನೂ ಲೆಕ್ಕ ಹಾಕುವುದು. ಲೆಕ್ಕ ಸರಿಹೋದರೆ 'ಮುಂದಿನದನ್ನು ಕೊಡು' ಎನ್ನುವುದು, ತಪ್ಪಿದರೆ 'ಇದನ್ನೇ ಮತ್ತೆ ಕೊಡು' ಎನ್ನುವುದು. ಅಂಗಡಿಯವನೂ ಗಿರಾಕಿಯೂ ಚಿಲ್ಲರೆಯನ್ನು ಎರಡೆರಡು ಬಾರಿ ಎಣಿಸಿಕೊಳ್ಳುವಂತಹ ಈ ಸರಳ ಉಪಾಯದಿಂದ, ಗೊರಗುಟ್ಟುವ ದೂರವಾಣಿಯ ತಂತಿಯ ಮೇಲೂ ಫೈಲು ಕೆಡದೆ ಸಾಗಿತು. ವೇಗ ಮಾತ್ರ ಆಮೆಯದು. ಸೆಕೆಂಡಿಗೆ 300 ಬಿಟ್ಟುಗಳ ಆ ದಾರಿಯಲ್ಲಿ 6000 ಬೈಟುಗಳ ಒಂದು ಫೈಲು ಹೋಗಲು 3 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆದರೂ ಅದು ಎರಡು ಮನೆಗಳ ನಡುವಣ ನೇರ ವ್ಯವಹಾರವಾಗಿತ್ತು.

ಹೀಗಿದ್ದ ಮೇಲೆ ನಡುವೆ ಉಗ್ರಾಣದವನು ಹೇಗೆ ಬಂದನು? ಇದಕ್ಕೆ ಲೆಕ್ಕದ ಒಂದು ಕಾರಣವೂ ಉಂಟು. ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವಿರಬೇಕು. 1983ರ ಜನವರಿ 1ರಿಂದ ಆರ್ಪಾನೆಟ್ಟಿನಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ ಈ ವಿಳಾಸವು 32 ಬಿಟ್ಟುಗಳದು. ಅಂದರೆ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅಂದಿಗೆ ಅದು ಸಾಗರದಷ್ಟಾಗಿ ಕಂಡಿತು. ಇಂದು ಲೋಕದ ಜನಸಂಖ್ಯೆಯೇ 800 ಕೋಟಿಯನ್ನು ಮೀರಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳು ಇರುವುದುಂಟು. ವಿಳಾಸಗಳು ಸಾಲದಾದುವು. ಆಗ ಹೂಡಿದ ಉಪಾಯವೆಂದರೆ, ಒಂದು ಮನೆಗೆಲ್ಲ ಸೇರಿ ಹೊರಗೆ ಒಂದೇ ವಿಳಾಸವನ್ನು ಕೊಟ್ಟು, ಒಳಗಿನ ಯಂತ್ರಗಳಿಗೆ 192.168 ಎಂದು ಮೊದಲಾಗುವಂತಹ ಖಾಸಗಿ ವಿಳಾಸಗಳನ್ನು ಕೊಡುವುದು. ವಠಾರದ ಹೊರಬಾಗಿಲಿಗೆ ಒಂದೇ ನಂಬರು, ಒಳಗಿನ ಮನೆಗಳಿಗೆ ಒಳಲೆಕ್ಕದ ನಂಬರು ಇದ್ದಂತೆ. ನಡುವೆ ನಿಂತ ರೌಟರು ಎಂಬ ಪೆಟ್ಟಿಗೆಯೇ ವಠಾರದ ಕಾವಲುಗಾರ. ಒಳಗಿನವರು ಹೊರಗಿನವರನ್ನು ಕರೆದರೆ ಉತ್ತರವನ್ನು ಅವನು ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ, ಯಾವ ಮನೆಗೆಂದು ತಿಳಿಯದೆ ಹಿಂದಕ್ಕೆ ಕಳುಹಿಸುತ್ತಾನೆ. ಆದುದರಿಂದ ಬೇರೆ ಬೇರೆ ಊರುಗಳ ಎರಡು ಮನೆಗಳ ಯಂತ್ರಗಳು ನೇರವಾಗಿ ಸಂಧಿಸುವುದು ಕಷ್ಟವಾಯಿತು. ಇಬ್ಬರಿಗೂ ಎಟಕುವ ಒಂದು ಬಯಲಿನಲ್ಲಿ ನಿಂತ ಮಧ್ಯಸ್ಥನು ಬೇಕಾದನು. 128 ಬಿಟ್ಟುಗಳ ಹೊಸ ವಿಳಾಸ ಪದ್ಧತಿಯು ಈ ಬಡತನವನ್ನು ನೀಗತಕ್ಕದ್ದು. ಅದನ್ನು ಬಳಕೆಗೆ ತಂದ ದೇಶಗಳಲ್ಲಿ ಭಾರತವು ಮುಂಚೂಣಿಯಲ್ಲಿದೆ.

ಮಧ್ಯಸ್ಥನಿಂದ ಉಪಕಾರವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಧಾರವಾಡದ ವಿದ್ಯಾರ್ಥಿಯೊಬ್ಬನು ಅಮೆರಿಕದಲ್ಲಿರುವ ಅಣ್ಣನಿಗೆ ಭಾವಚಿತ್ರಗಳನ್ನು ಕಳುಹಿಸಬೇಕಾದರೆ, ಇಬ್ಬರೂ ಒಂದೇ ಕಾಲಕ್ಕೆ ಎಚ್ಚರವಾಗಿರಬೇಕಾದ ಅಗತ್ಯವನ್ನು ದೂರದ ಉಗ್ರಾಣವು ತಪ್ಪಿಸಿದೆ. ಮನೆಯ ಯಂತ್ರವು ಕೆಟ್ಟರೂ, ಕಳುವಾದರೂ ಅಲ್ಲಿನ ಪ್ರತಿಯು ಉಳಿಯುತ್ತದೆ. ನಾವು ಆಕ್ಷೇಪಿಸುವುದು ಉಗ್ರಾಣವನ್ನಲ್ಲ. ಅದೊಂದೇ ದಾರಿಯೆಂದು ನಂಬುವುದನ್ನು. ಈ ನಂಬಿಕೆಯಿಂದ ಮೂರು ನಷ್ಟಗಳುಂಟು.

ಮೊದಲನೆಯದು ಕಾಲದ ಮತ್ತು ಹಣದ ನಷ್ಟ. ಒಂದು ಗಿಗಾಬೈಟಿನ ಫೈಲೆಂದರೆ 8000 ಮೆಗಾಬಿಟ್ಟು. ಮನೆಯಿಂದ ಹೊರಗೆ ಸೆಕೆಂಡಿಗೆ 20 ಮೆಗಾಬಿಟ್ಟು ಸಾಗಿಸುವ ಸಂಪರ್ಕದಲ್ಲಿ ಅದನ್ನು ಏರಿಸಲು 400 ಸೆಕೆಂಡು, ಎಂದರೆ ಹೆಚ್ಚುಕಡಿಮೆ 7 ನಿಮಿಷ ಬೇಕು. ಇಳಿಸಿಕೊಳ್ಳುವ ಕಾಲ ಬೇರೆ. ಎರಡು ಕೋಣೆಗಳ ನಡುವೆ ಗಿಗಾಬಿಟ್ಟಿನ ಸಾಮಾನ್ಯ ತಂತಿಯಿದ್ದರೆ ಲೆಕ್ಕದಂತೆ 8 ಸೆಕೆಂಡು ಸಾಕು. ವ್ಯವಹಾರದಲ್ಲಿ ಇನ್ನು ಕೆಲವು ಸೆಕೆಂಡುಗಳು ಹಿಡಿದಾವು. ಮಳೆಗಾಲದಲ್ಲಿ ಮರ ಬಿದ್ದು ಹೊರಗಿನ ತಂತಿ ತುಂಡಾಗುವ ಮಲೆನಾಡಿನ ಊರುಗಳಲ್ಲಿ ಈ ಭೇದವು ನಿಮಿಷಗಳದಲ್ಲ, ದಿನಗಳದು.

ಎರಡನೆಯದು ಒಡೆತನದ ಸಂಗತಿ. 'ಕ್ಲೌಡ್', ಎಂದರೆ ಮೋಡ, ಎಂಬ ಹೆಸರು ಬಹಳ ಮೋಹಕವಾಗಿದೆ. ಆದರೆ ಅದು ಆಕಾಶದಲ್ಲಿರುವ ವಸ್ತುವಲ್ಲ. ಇನ್ನೊಬ್ಬರ ಕಟ್ಟಡದಲ್ಲಿ, ಇನ್ನೊಬ್ಬರ ಷರತ್ತುಗಳಿಗೆ ಒಳಪಟ್ಟಿರುವ ಕಂಪ್ಯೂಟರು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ತರುಣರೆಲ್ಲರ ನಾಲಗೆಯ ಮೇಲಿದ್ದ ಆರ್ಕುಟ್ ತಾಣವನ್ನು 2014ರ ಸೆಪ್ಟೆಂಬರ್ 30ರಂದು ಮುಚ್ಚಲಾಯಿತು. ತಮ್ಮ ಚಿತ್ರಗಳನ್ನು ಮುಂಚಿತವಾಗಿ ಇಳಿಸಿಕೊಳ್ಳಲು ಅವಕಾಶವನ್ನೇನೋ ಕೊಟ್ಟಿದ್ದರು. ಸುದ್ದಿ ತಿಳಿಯದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಮೈಸ್ಪೇಸ್ ಎಂಬ ಇನ್ನೊಂದು ತಾಣದಲ್ಲಿ ಜನರು ಹನ್ನೆರಡು ವರ್ಷಗಳ ಕಾಲ ಏರಿಸಿದ್ದ ಸಂಗೀತವು ಯಂತ್ರಗಳ ಸ್ಥಳಾಂತರದಲ್ಲಿ ನಷ್ಟವಾಯಿತೆಂಬ ಸುದ್ದಿ 2019ರಲ್ಲಿ ಹೊರಬಿದ್ದಿತು. ಬಿತ್ತನೆಯ ಕಾಳನ್ನೆಲ್ಲ ಒಬ್ಬ ಸಾಹುಕಾರನ ಕಣಜದಲ್ಲಿಟ್ಟು, ಮನೆಯಲ್ಲಿ ಒಂದು ಸೇರನ್ನೂ ಉಳಿಸಿಕೊಳ್ಳದ ರೈತನನ್ನು ನಾವು ಜಾಣನೆನ್ನುವುದಿಲ್ಲ. ನಮ್ಮ ಪತ್ರಗಳು, ಹಿರಿಯರ ಚಿತ್ರಗಳು, ಪಾಠದ ಟಿಪ್ಪಣಿಗಳು ಇವೂ ಬಿತ್ತನೆಯ ಕಾಳುಗಳೇ.

ಮೂರನೆಯದು ತಿಳಿವಳಿಕೆಯ ನಷ್ಟ. ನಮ್ಮ ಮತದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಗುಂಡಿಯನ್ನು ಒತ್ತಿದರೆ ಫೈಲು ಹೋಗುತ್ತದೆಂಬುದಷ್ಟೇ ತಿಳಿದವನು ಜಾಲದ ಬಳಕೆದಾರನಾದನೇ ಹೊರತು ಜಾಲವನ್ನು ಬಲ್ಲವನಾಗಲಿಲ್ಲ. 1991ರ ಕೊನೆಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನ ವಿದ್ಯಾರ್ಥಿಗೆ, ತನ್ನ ಮೇಜಿನ ಸಣ್ಣ ಕಂಪ್ಯೂಟರಿನಿಂದ ಯೂನಿಕ್ಸ್ ಯಂತ್ರವೊಂದರ ಫೈಲುಗಳನ್ನು ನೋಡಬೇಕಾಗಿತ್ತು. ಎರಡೂ ಬೇರೆ ಬೇರೆ ಒಪ್ಪಂದಗಳ ಯಂತ್ರಗಳು. ಆತನು ತಂತಿಯ ಮೇಲೆ ಸಾಗುತ್ತಿದ್ದ ತುಣುಕುಗಳನ್ನು ಗಮನಿಸಿ, ಅವುಗಳ ಭಾಷೆಯನ್ನು ತಾನೇ ಬಿಡಿಸಿ ಒಂದು ತಂತ್ರಾಂಶವನ್ನು ಬರೆದು, 1992ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟನು. ಮುಂದೆ ಸಾಂಬಾ ಎಂದು ಹೆಸರಾದ ಅದು ಇಂದು ಮನೆ, ಶಾಲೆ, ಕಛೇರಿಗಳ ಅಸಂಖ್ಯ ಯಂತ್ರಗಳಲ್ಲಿ ಕೆಲಸ ಮಾಡುತ್ತಿದೆ. ಪಕ್ಕದ ಯಂತ್ರವನ್ನು ಮುಟ್ಟುವ ಕುತೂಹಲವೇ ಇಲ್ಲದಿದ್ದರೆ ಇಂತಹ ಕೆಲಸ ಹುಟ್ಟುವುದೆಲ್ಲಿ?

ಹಾಗಾದರೆ ವಿದ್ಯಾರ್ಥಿಯು ಮಾಡಬೇಕಾದುದೇನು? ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಇದಕ್ಕೆ ಬೇಕಾದುದು ಎರಡು ಕಂಪ್ಯೂಟರುಗಳು ಮತ್ತು ಮನೆಯಲ್ಲಿರುವ ರೌಟರು, ಇಷ್ಟೇ. ಮೊದಲು ಎರಡೂ ಯಂತ್ರಗಳನ್ನು ತಂತಿಯಿಂದಲೋ ವೈಫೈಯಿಂದಲೋ ಒಂದೇ ರೌಟರಿಗೆ ಸೇರಿಸಿ, ಪ್ರತಿಯೊಂದರ ಖಾಸಗಿ ವಿಳಾಸವನ್ನು ಜಾಲದ ಮಾಹಿತಿಯ ಪುಟದಲ್ಲಿ ನೋಡಿ ಬರೆದುಕೊಳ್ಳಿರಿ. ಒಂದರ ವಿಳಾಸವು 192.168.1.5, ಇನ್ನೊಂದರದು 192.168.1.8 ಎಂದು ಇದ್ದೀತು. ಮೊದಲ ಮೂರು ಅಂಕಿಗಳು ಸಮನಾಗಿದ್ದರೆ ಸಾಮಾನ್ಯವಾಗಿ ಅವು ಒಂದೇ ವಠಾರದವು. ಬಳಿಕ ಒಂದು ಯಂತ್ರದಲ್ಲಿ 'ಹಂಚಿಕೆ' ಎಂಬ ಹೊಸ ಫೋಲ್ಡರನ್ನು ಮಾಡಿ, ಅದರ ಗುಣಲಕ್ಷಣಗಳ ಪುಟದಲ್ಲಿ 'ಷೇರಿಂಗ್' ಎಂಬುದನ್ನು ತೆರೆದು, ಯಾರಿಗೆ ಅನುಮತಿಯೆಂಬುದನ್ನು ಹೆಸರಿಸಿರಿ. ವಿಂಡೋಸ್ ಯಂತ್ರದಲ್ಲಿ ಈ ಸೌಕರ್ಯವು ಮೊದಲೇ ಇದೆ. ಲಿನಕ್ಸ್ ಯಂತ್ರಕ್ಕೆ ಸಾಂಬಾ ಇದೆ. ಎರಡನೆಯ ಯಂತ್ರದ ಫೈಲುಗಳ ಕಿಟಕಿಯಲ್ಲಿ 'ನೆಟ್‌ವರ್ಕ್' ಎಂಬುದನ್ನು ತೆರೆದು ಮೊದಲ ಯಂತ್ರವನ್ನು ಹುಡುಕಿರಿ. ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟರೆ ಆ ಫೋಲ್ಡರು ತೆರೆದುಕೊಳ್ಳುತ್ತದೆ.

ಈಗ ಪ್ರಯೋಗದ ಮುಖ್ಯ ಭಾಗ. ಹೊರಗಿನಿಂದ ರೌಟರಿಗೆ ಬರುವ ಇಂಟರ್ನೆಟ್ಟಿನ ತಂತಿಯನ್ನು ಕಿತ್ತುಬಿಡಿರಿ. ಲೋಕದೊಡನೆ ಸಂಪರ್ಕ ತಪ್ಪಿತು. ಆದರೂ ಒಂದು ಫೈಲನ್ನು ಪಕ್ಕದ ಯಂತ್ರಕ್ಕೆ ಪ್ರತಿ ಮಾಡಿ ನೋಡಿರಿ. ಅದು ನಿರಾತಂಕವಾಗಿ ಹೋಗುವುದು. ಫೈಲು ಸುಮಾರು 1500 ಬೈಟುಗಳ ಪ್ಯಾಕೆಟ್ಟುಗಳಾಗಿ ಒಡೆದು, ಒಂದೊಂದೂ ತನ್ನ ತಲೆಯ ಮೇಲೆ ವಿಳಾಸವನ್ನು ಹೊತ್ತು ಹೊರಡುತ್ತದೆ. ವಿಳಾಸವು ಮನೆಯೊಳಗಿನದೇ ಆದುದರಿಂದ ರೌಟರು ಅದನ್ನು ಒಳಗಿಂದೊಳಗೆ ದಾಟಿಸುತ್ತದೆ. ಒಂದು ಗಿಗಾಬೈಟಿಗೆ ಇಂತಹ ಸುಮಾರು 7 ಲಕ್ಷ ಪ್ಯಾಕೆಟ್ಟುಗಳು. ಇಂಟರ್ನೆಟ್ ಬೇರೆ, ಜಾಲ ಬೇರೆ ಎಂಬ ತತ್ತ್ವವು ಪುಟಗಟ್ಟಲೆ ಓದಿದರೂ ಇಷ್ಟು ಚೆನ್ನಾಗಿ ಮನದಟ್ಟಾಗದು. ಕಾಲೇಜಿನ ವಿದ್ಯಾರ್ಥಿನಿಲಯಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಈ ಪ್ರಯೋಗವು ಸಫಲವಾಗದಿರಬಹುದು. ಅಲ್ಲಿನ ವೈಫೈಯಲ್ಲಿ ಒಂದು ಯಂತ್ರವು ಇನ್ನೊಂದನ್ನು ಕಾಣದಂತೆ ಬೇಕೆಂದೇ ತಡೆದಿರುವುದುಂಟು.

ಹಾಗೆ ತಡೆಯುವುದಕ್ಕೆ ಕಾರಣವಿದೆ. ತೆರೆದ ಬಾಗಿಲಿನಿಂದ ನೆಂಟನೂ ಬರುತ್ತಾನೆ, ಕಳ್ಳನೂ ಬರುತ್ತಾನೆ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು, ಫೈಲು ಹಂಚಿಕೆಯ ಹಳೆಯ ಒಪ್ಪಂದವೊಂದರಲ್ಲಿದ್ದ ದೋಷವನ್ನು ಹಿಡಿದು, 150ರಷ್ಟು ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕಾಯಿತು. ದೋಷದ ಪರಿಹಾರವನ್ನು ವಿಂಡೋಸ್ ತಯಾರಿಸುವ ಕಂಪನಿಯು ಅದೇ ಮಾರ್ಚ್ ತಿಂಗಳಿನಲ್ಲಿಯೇ ಒದಗಿಸಿತ್ತು. ಅದನ್ನು ಅಳವಡಿಸಿಕೊಳ್ಳದಿದ್ದವರು ತೊಂದರೆಗೊಳಗಾದರು. ಇದನ್ನು ಕಂಡು ಹಂಚಿಕೆಯೇ ಬೇಡವೆನ್ನುವುದು, ಕಳ್ಳರಿಗೆ ಹೆದರಿ ಮನೆಗೆ ಬಾಗಿಲನ್ನೇ ಇಡದಿದ್ದಂತೆ. ಪಾಲಿಸಬೇಕಾದ ನಿಯಮಗಳು ಕೆಲವೇ: ಇಡೀ ಡಿಸ್ಕನ್ನು ಹಂಚದೆ ಒಂದೇ ಫೋಲ್ಡರನ್ನು ಹಂಚತಕ್ಕದ್ದು, ಪಾಸ್‌ವರ್ಡ್ ಇಲ್ಲದೆ ಯಾರನ್ನೂ ಬಿಡಬಾರದು, ಓದಿದರೆ ಸಾಕಾದವರಿಗೆ ತಿದ್ದುವ ಅನುಮತಿಯನ್ನು ಕೊಡಬಾರದು, ರೌಟರಿನ ಹೊರಬಾಗಿಲನ್ನು ಹಂಚಿಕೆಗೆಂದು ತೆರೆಯಬಾರದು, ಸಾರ್ವಜನಿಕ ಸ್ಥಳಗಳಲ್ಲಿ ಹಂಚಿಕೆಯನ್ನು ನಿಲ್ಲಿಸಬೇಕು, ಯಂತ್ರದ ಪರಿಷ್ಕರಣಗಳನ್ನು ಮುಂದೂಡಬಾರದು.

ಇನ್ನೊಂದು ಆಕ್ಷೇಪವೂ ಕೇಳಿಬರುತ್ತದೆ. ಫೈಲು ಹಂಚಿಕೆಯೆಂದರೆ ಕಳ್ಳಪ್ರತಿಗಳ ವ್ಯವಹಾರವಲ್ಲವೇ ಎಂದು. 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ಹಂಚಿಕೆಯ ವ್ಯವಸ್ಥೆಯು ಸಂಗೀತದ ಹಕ್ಕುದಾರರ ಮೊಕದ್ದಮೆಯಿಂದ 2001ರಲ್ಲಿ ನಿಂತುಹೋಯಿತೆಂಬುದು ನಿಜ. ಇನ್ನೊಬ್ಬರ ದುಡಿಮೆಯನ್ನು ಅಪಹರಿಸುವುದು ತಪ್ಪೇ. ಅದು ಯಾವ ದಾರಿಯಿಂದ ನಡೆದರೂ ತಪ್ಪೇ. ಆದರೆ ನ್ಯಾಯವಾಗಿ ಹಂಚಿಕೊಳ್ಳಬಹುದಾದುದು ನಮ್ಮಲ್ಲಿ ಬೇಕಾದಷ್ಟಿದೆ. ನಾವೇ ಬರೆದ ಟಿಪ್ಪಣಿ, ತೆಗೆದ ಚಿತ್ರ, ಮಾಡಿದ ಪ್ರಯೋಗದ ಅಂಕಿಅಂಶ ಇವು ನಮ್ಮವು. ನಮ್ಮ ದೇಶದ ಕಾನೂನಿನಂತೆ ಗ್ರಂಥಕರ್ತನು ತೀರಿಕೊಂಡ 60 ವರ್ಷಗಳ ಬಳಿಕ ಅವನ ಗ್ರಂಥವು ಸಾಮಾನ್ಯವಾಗಿ ಎಲ್ಲರ ಸ್ವತ್ತು.

ಕನ್ನಡಿಗರಾದ ನಾವು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಫೈಲು ತಲಪಿದರೆ ಸಾಲದು. ತಲಪಿದುದನ್ನು ಓದಲು ಬರಬೇಕು. ಬಹುಕಾಲ ನಮ್ಮ ತಂತ್ರಾಂಶಗಳು ಕನ್ನಡದ ಅಕ್ಷರಗಳಿಗೆ ತಮಗೆ ತೋರಿದ ಸಂಕೇತಗಳನ್ನು ಕೊಟ್ಟುಕೊಂಡಿದ್ದುವು. ಒಂದು ಯಂತ್ರದಲ್ಲಿ ಸೊಗಸಾಗಿ ಕಂಡ ಪುಟವು ಅದೇ ಅಕ್ಷರಮಾದರಿಯಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತುವು. ಹಳೆಯ ಸಂಕೇತಗಳಲ್ಲಿ ಉಳಿದಿರುವ ಫೈಲುಗಳನ್ನು ಯೂನಿಕೋಡಿಗೆ ಮಾರ್ಪಡಿಸಿಡುವುದೂ ಹಂಚಿಕೆಯ ಕೆಲಸದ ಒಂದು ಅಂಗವೇ.

ಕೊನೆಯದಾಗಿ ನಮ್ಮ ಶಾಲಾ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಬಿನ್ನಹ. ಪ್ರಯೋಗಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿದ್ದು, ಅವುಗಳ ನಡುವೆ ಒಂದು ಪೆನ್ ಡ್ರೈವ್ ಕೈಯಿಂದ ಕೈಗೆ ಓಡಾಡುತ್ತಿದ್ದರೆ, ಅಲ್ಲಿ ಹತ್ತು ದ್ವೀಪಗಳಿವೆಯೇ ಹೊರತು ಜಾಲವಿಲ್ಲ. ಒಂದು ಸಣ್ಣ ಸ್ವಿಚ್ಚು ಪೆಟ್ಟಿಗೆಯೂ ಕೆಲವು ಮಾರು ತಂತಿಯೂ ಆ ದ್ವೀಪಗಳಿಗೆ ಸೇತುವೆಯಾಗಬಲ್ಲವು. ಒಂದು ಯಂತ್ರವನ್ನು ಶಾಲೆಯ ಪುಸ್ತಕ ಭಂಡಾರವಾಗಿ ಇಟ್ಟರೆ, ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ವಿಕಿಪೀಡಿಯದಂತಹ ವಿಶ್ವಕೋಶವನ್ನೇ ಅದರಲ್ಲಿರಿಸಿ, ಇಂಟರ್ನೆಟ್ಟಿಲ್ಲದ ಹಳ್ಳಿಯಲ್ಲಿಯೂ ಎಲ್ಲ ಮಕ್ಕಳಿಗೂ ಓದಿಸಬಹುದು. ಈ ಸೇತುವೆಯನ್ನು ಕಟ್ಟುವ ಕೆಲಸವನ್ನು ಹೊರಗಿನ ಕೆಲಸಗಾರನಿಗೆ ವಹಿಸದೆ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು. ತಂತಿಯ ತುದಿಯನ್ನು ತಾನೇ ಸಿಕ್ಕಿಸಿ, ವಿಳಾಸವನ್ನು ತಾನೇ ಬರೆದು, ತಪ್ಪನ್ನು ತಾನೇ ಹುಡುಕಿ ಸರಿಪಡಿಸಿದವನಿಗೆ ಲೋಕದ ಮಹಾಜಾಲವೂ ಪವಾಡವಾಗಿ ತೋರುವುದಿಲ್ಲ. ತನ್ನ ಪ್ರಯೋಗಶಾಲೆಯ ಜಾಲವೇ ಕೋಟಿಪಾಲು ಬೆಳೆದು ನಿಂತಂತೆ ತೋರುತ್ತದೆ. ದೂರದ ಉಗ್ರಾಣಗಳನ್ನು ಆತನು ಆಮೇಲೆಯೂ ಬಳಸಲಿ. ಆದರೆ ಏನನ್ನು ಅಲ್ಲಿಗೆ ಕಳುಹಿಸಬೇಕು, ಏನನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದನ್ನು ತಿಳಿದು ಬಳಸಲಿ.